ಬೈಕಿನಲ್ಲಿ ಬಂದವರು, ವಿಡಿಯೊ ಕಾಲಿನಲ್ಲಿ ಬಂದವರು: ಬೆಟಗೇರಿಯ ಒಂದು ಪ್ರಕರಣ

ನಮ್ಮ ಓಣಿಯ ಮಾಸ್ತರ ಮನೆಗೆ 2025ರಲ್ಲಿ, ಒಂದು ತಿಂಗಳೊಳಗೆ, ಎರಡು ಸಲ ‘ಗುಪ್ತಚರರು’ ಬಂದರು. ಮೊದಲು ಬಂದವರು ನಿಜವಾದವರು. ಅವರನ್ನು ಕಂಡು ಓಣಿಯೆಲ್ಲ ಹೆದರಿತು. ಆಮೇಲೆ ಬಂದವರು ಕಳ್ಳರು, ಅದೂ ಫೋನಿನಲ್ಲಿ. ಅವರನ್ನು ಮಾಸ್ತರು ನಂಬಿದರು. 4,80,000 ರೂಪಾಯಿ ಹೋಯಿತು.

ಬೇರೆ ಬೇರೆಯಾಗಿ ನೋಡಿದರೆ ಒಂದು ಮಾಮೂಲಿ ಪೊಲೀಸ್ ವಿಚಾರಣೆ, ಇನ್ನೊಂದು ದಿನಾ ಪೇಪರಿನಲ್ಲಿ ಓದುವ ಸೈಬರ್ ಮೋಸ. ಆದರೆ ಮೊದಲನೆಯದು ನಮಗೆ ಸರಿಯಾಗಿ ಅರ್ಥವಾಗಿದ್ದರೆ ಎರಡನೆಯದು ನಡೆಯುತ್ತಲೇ ಇರಲಿಲ್ಲ ಅಂತ ನನಗೆ ಖಾತ್ರಿಯಾಗಿದೆ. ನಾನು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಮಾಸ್ತರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ, ಉಳಿದದ್ದೆಲ್ಲ ಬರಿ ಅಂದಿದ್ದಾರೆ.

ಬೈಕಿನಲ್ಲಿ ಬಂದವರು

ಶಿವರಾತ್ರಿಯ ಹಿಂದುಮುಂದಿನ ದಿನಗಳು. ಬೆಳಗ್ಗೆ ಹನ್ನೊಂದರ ಸುಮಾರಿಗೆ ಹಳೇ ಬೈಕಿನಲ್ಲಿ ಒಬ್ಬರು ಬಂದರು. ನಲವತ್ತರ ಆಸುಪಾಸು. ಚೌಕಡಿ ಅಂಗಿ, ಕಾಲಲ್ಲಿ ಚಪ್ಪಲಿ, ಕಂಕುಳಲ್ಲಿ ಒಂದು ಫೈಲು. ಮೊದಲು ಮೂಲೆಯ ಕಿರಾಣಿ ಅಂಗಡಿಯಲ್ಲಿ ನಿಂತು ಏನೋ ಕೇಳಿದರು. ಆಮೇಲೆ ಮಗ್ಗದ ಮನೆಯ ಮುಂದೆ ನಿಂತರು. ಆಮೇಲೆ ನಮ್ಮ ಬಾಗಿಲಿಗೆ ಬಂದರು.

“ಪಕ್ಕದ ಮನೆಯ ಹುಡುಗ ಎಷ್ಟು ವರ್ಷದಿಂದ ಇಲ್ಲಿದ್ದಾನ್ರಿ? ನಡತೆ ಹೆಂಗದ? ಜಗಳ ಗಿಗಳ ಏನರ ಅದಾವೇನು?”

ನಾನು ಗುರುತಿನ ಚೀಟಿ ಕೇಳಿದೆ. ಬೇಸರವಿಲ್ಲದೆ ತೆಗೆದು ತೋರಿಸಿದರು. ಜಿಲ್ಲಾ ಪೊಲೀಸಿನ ವಿಶೇಷ ಶಾಖೆಯವರು. ಎಲ್ಲರೂ ಡಿಎಸ್‌ಬಿ ಅನ್ನುವುದು ಅದನ್ನೇ. ಮಾಸ್ತರ ಮಗ ಕೇಂದ್ರದ ಒಂದು ಪಡೆಗೆ ಆಯ್ಕೆಯಾಗಿದ್ದ. ಕೆಲಸಕ್ಕೆ ಸೇರುವ ಮುಂಚೆ ಅವನ ಹಿನ್ನೆಲೆ ಪರಿಶೀಲನೆ ಆಗಬೇಕು. ಕಾಗದ ದಿಲ್ಲಿ ಕಡೆಯಿಂದ ಜಿಲ್ಲೆಗೆ ಬರುತ್ತದೆ, ಜಿಲ್ಲೆಯಿಂದ ಇವರ ಕೈಗೆ. ಇವರು ಠಾಣೆಯ ದಾಖಲೆ ನೋಡುತ್ತಾರೆ, ಓಣಿಗೆ ಬಂದು ನಾಲ್ಕು ಜನರನ್ನು ಮಾತಾಡಿಸುತ್ತಾರೆ, ಒಂದು ಪುಟದ ವರದಿ ಬರೆಯುತ್ತಾರೆ. ಅಷ್ಟೇ ಕೆಲಸ. ಮಾಸ್ತರ ಮನೆಯಲ್ಲಿ ಹತ್ತು ನಿಮಿಷ ಕೂತರು. ಚಹಾ ಬೇಡ ಅಂದರು, ನೀರು ಕುಡಿದರು, ಹೋದರು.

ಸಂಜೆಯಾಗುವುದರೊಳಗೆ ಓಣಿಯಲ್ಲಿ ಸುದ್ದಿ ಬೇರೆಯೇ ಆಗಿತ್ತು. ಹಿಟ್ಟಿನ ಗಿರಣಿಯ ಹತ್ತಿರ ಒಬ್ಬರು ನನ್ನನ್ನು ನಿಲ್ಲಿಸಿ, ದನಿ ಸಣ್ಣದು ಮಾಡಿ ಕೇಳಿದರು: “ಅಕ್ಕಾರ, ಮಾಸ್ತರ ಮನಿಗೆ ಸಿಐಡಿಯವರು ಬಂದಿದ್ರಂತಲ್ರಿ? ಹುಡುಗ ಏನ್ ಮಾಡ್ಯಾನ?”

ಮಫ್ತಿಯಲ್ಲಿ ಬಂದವರೆಲ್ಲ ನಮ್ಮ ಕಡೆ ‘ಸಿಐಡಿ’. ಈ ಮಾತಿಗೆ ನೂರು ವರ್ಷದ ಇತಿಹಾಸ ಇದೆ. ಇವತ್ತಿನ ಗುಪ್ತಚರ ಬ್ಯೂರೋ, ಅಂದರೆ ಐಬಿ, ಹುಟ್ಟಿದ್ದು 1887ರಲ್ಲಿ, ಬ್ರಿಟಿಷರ ಕೈಯಲ್ಲಿ. ಆಗಿನ ಹೆಸರು ಸೆಂಟ್ರಲ್ ಸ್ಪೆಷಲ್ ಬ್ರಾಂಚ್. ಪ್ರಾಂತ್ಯಗಳಲ್ಲಿ ಸಿಐಡಿ ಬಂದದ್ದು 1902-03ರ ಪೊಲೀಸ್ ಆಯೋಗದ ನಂತರ. ಅವರು ನಿಗಾ ಇಟ್ಟಿದ್ದು ಕಳ್ಳರ ಮೇಲೆ ಮಾತ್ರ ಅಲ್ಲ, ಸ್ವಾತಂತ್ರ್ಯ ಬೇಕು ಅಂದವರ ಮೇಲೂ. ನಮ್ಮಜ್ಜಿ ಹೊಸರಿತ್ತಿ ಕಡೆಯವರು. ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಗುಂಡಿಗೆ ಬಲಿಯಾದ ಊರು ಅದು. ಮನೆಯಲ್ಲಿ ಮಕ್ಕಳು ಗದ್ದಲ ಮಾಡಿದರೆ ಅಜ್ಜಿ “ಸಿಐಡಿ ಕೇಳ್ತಾರ, ಬಾಯಿ ಮುಚ್ಚ್ರಿ” ಅನ್ನುತ್ತಿದ್ದರು. ಆ ಹೆದರಿಕೆ ಅವರ ಕಾಲಕ್ಕೆ ಸರಿಯಾಗಿಯೇ ಇತ್ತು. ನಾವು ಅದನ್ನು ಹಾಗೇ ಇಟ್ಟುಕೊಂಡು ಬಂದಿದ್ದೇವೆ.

ಆ ಸಂಜೆ ನಾನು “ಏನಿಲ್ರಿ, ನೌಕರಿ ವೆರಿಫಿಕೇಶನ್” ಅಂತ ಒಂದು ಮಾತು ಹೇಳಿ ಹಿಟ್ಟು ತಗೊಂಡು ಬಂದೆ. ಇನ್ನೂ ಐದು ನಿಮಿಷ ನಿಂತು ಬಿಡಿಸಿ ಹೇಳಬೇಕಿತ್ತು. ಯಾಕೆಂದರೆ ಸುದ್ದಿ ಅಲ್ಲಿಗೆ ನಿಲ್ಲಲಿಲ್ಲ. ಮಾಸ್ತರ ಹೆಂಡತಿ, ನಾನು ಕಾಕು ಅಂತ ಕರೆಯುವವರು, ನಾಲ್ಕು ದಿನ ಬಿಟ್ಟು ಕಟ್ಟೆಯ ಮೇಲೆ ಕೂತು ಕಣ್ಣೀರು ಹಾಕಿದರು. ಮಗನಿಗೆ ನೋಡುತ್ತಿದ್ದ ಸಂಬಂಧದವರು “ಸ್ವಲ್ಪ ದಿನ ತಡೀರಿ” ಅಂತ ಹೇಳಿ ಕಳಿಸಿದ್ದರಂತೆ. ಮಾಸ್ತರೂ ಒಳಗೊಳಗೇ ಕುಗ್ಗಿದ್ದರು. ಬಂದವರು ಬರೆದುಕೊಂಡು ಹೋಗಿದ್ದು ಏನು, ಅದು ಎಲ್ಲಿಗೆ ಹೋಯಿತು, ಅದರಲ್ಲಿ ತಪ್ಪು ಇದ್ದರೆ ಯಾರನ್ನು ಕೇಳುವುದು, ಅವರಿಗೆ ಒಂದೂ ಗೊತ್ತಿರಲಿಲ್ಲ.

ವಿಡಿಯೊ ಕಾಲು

ಹೋಳಿ ಹುಣ್ಣಿಮೆ ಮುಗಿದ ಮರುವಾರ, ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಮಾಸ್ತರ ಮೊಬೈಲಿಗೆ ಒಂದು ಕರೆ. ನಿಮ್ಮ ಆಧಾರ್ ಮೇಲೆ ಮುಂಬೈಯಲ್ಲಿ ಬ್ಯಾಂಕ್ ಖಾತೆ ತೆರೆದಿದ್ದಾರೆ, ಅದರಲ್ಲಿ ಕಪ್ಪು ಹಣ ಓಡಾಡಿದೆ, ದೇಶದ್ರೋಹಿಗಳ ಕೈವಾಡ ಇದೆ. ಹಿಂದಿಯಲ್ಲಿ ಶುರುವಾಗಿ, ಆಮೇಲೆ ಅರೆಬರೆ ಕನ್ನಡ. “ಗುಪ್ತಚರ ಇಲಾಖೆಯ ದೊಡ್ಡ ಸಾಹೇಬರಿಗೆ ಲೈನ್ ಕೊಡ್ತೀನಿ” ಅಂತ ವಿಡಿಯೊ ಕಾಲಿಗೆ ಬದಲಾಯಿಸಿದರು. ಪರದೆಯ ಮೇಲೆ ಖಾಕಿ ಹಾಕಿದ ಒಬ್ಬ, ಹಿಂದೆ ರಾಷ್ಟ್ರಧ್ವಜ, ಗೋಡೆಗೆ ಲಾಂಛನ.

ಫೋನಿನಲ್ಲೇ ಬಂಧಿಸಿದ್ದೇವೆ ಅಂತ ಹೆದರಿಸಿ ದುಡ್ಡು ಕೀಳುವ, ಡಿಜಿಟಲ್ ಅರೆಸ್ಟ್ ಅನ್ನುವ ಮೋಸದ ಬಗ್ಗೆ ಮಾಸ್ತರಿಗೆ ಗೊತ್ತಿರಲಿಲ್ಲ ಅಂತಲ್ಲ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯವರು ಇದನ್ನೇ ಹೇಳಿದ್ದರು. ನಮ್ಮ ಪಕ್ಕದ ವಿಜಯಪುರದವರೊಬ್ಬರಿಗೆ ಬಂದ ಇಂಥದೇ ಕರೆಯನ್ನು ಅವತ್ತು ತೋರಿಸಿದ್ದರು ಕೂಡ. ಮಾಸ್ತರು ಅದನ್ನು ಕೇಳಿದ್ದರು. ಹಾಗಿದ್ದರೆ ಹೇಗೆ ನಂಬಿದಿರಿ ಅಂತ ನಾನು ಆಮೇಲೆ ಕೇಳಿದಾಗ ಅವರು ಹೇಳಿದ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

“ಅದು ಸುಳ್ಳು ಕರೆ ಬಗ್ಗೆ ಹೇಳಿದ್ದು. ನಮ್ಮ ಮನಿಗೆ ಖರೇ ಮಂದಿ ಬಂದು ಹೋಗಿದ್ರಲ್ಲ.”

ಪರದೆಯಲ್ಲಿದ್ದವನು “ನಿಮ್ಮ ಮನೆ ಮೇಲೆ ನಮ್ಮ ನಿಗಾ ಇದೆ” ಅಂದಿದ್ದ. ಅವನು ಎಲ್ಲರಿಗೂ ಹೇಳುವ ಮಾತು ಅದು. ಆದರೆ ಮಾಸ್ತರ ಕಣ್ಣಮುಂದೆ ಬಂದದ್ದು ಚೌಕಡಿ ಅಂಗಿಯ ಆ ಮನುಷ್ಯ. ಅವರೇ ಬಾಯಿಬಿಟ್ಟು ಕೇಳಿದರು: “ಸರ್, ನನ್ನ ಮಗನ ವೆರಿಫಿಕೇಶನ್‌ಗೆ ಬಂದಿದ್ರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?”

ಅಲ್ಲಿಯವರೆಗೆ ಅವನಿಗೆ ಮಗನ ವಿಷಯವೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬೇರೆ ಏನೂ ಬೇಕಾಗಲಿಲ್ಲ. “ಹೌದು, ಆ ವರದಿ ನನ್ನ ಟೇಬಲ್ ಮೇಲಿದೆ. ನೀವು ಸಹಕರಿಸದಿದ್ದರೆ ಮಗನ ಕೆಲಸ ಹೋಗುತ್ತದೆ.” ಒಂದು ಸುಳ್ಳಿಗೆ ನಾವೇ ಸಾಕ್ಷಿ ಕೊಟ್ಟ ಹಾಗಾಯಿತು.

ಆಮೇಲಿನದು ಎಲ್ಲ ಕಡೆ ಆಗುವಂಥದೇ. ಫೋನ್ ಕಟ್ ಮಾಡಬೇಡಿ, ಕ್ಯಾಮೆರಾ ಮುಂದೆಯೇ ಇರಿ, ಯಾರಿಗೂ ಹೇಳಬೇಡಿ. ಹೇಳಿದರೆ ಅಧಿಕೃತ ರಹಸ್ಯ ಕಾಯ್ದೆಯಲ್ಲಿ ಒಳಗೆ ಹಾಕುತ್ತೇವೆ. ಒಂದು ಕಾಗದ ಕಳಿಸಿದರು, ‘ಅರೆಸ್ಟ್ ವಾರಂಟ್’ ಅಂತ. ಅದರ ಮೇಲೆ ಸಿಬಿಐ ಮುದ್ರೆ, ರಿಸರ್ವ್ ಬ್ಯಾಂಕ್ ಮುದ್ರೆ, ಸುಪ್ರೀಂ ಕೋರ್ಟ್ ಮುದ್ರೆ, ಮೂರೂ ಒಂದೇ ಹಾಳೆಯಲ್ಲಿ. ಬುಧವಾರ ಮಧ್ಯಾಹ್ನ ಮಾಸ್ತರು ಬ್ಯಾಂಕಿಗೆ ಹೋಗಿ, ‘ಪರಿಶೀಲನೆಗೆ’ ಅಂತ 4,80,000 ರೂಪಾಯಿಯನ್ನು ಅವರು ಹೇಳಿದ ಖಾತೆಗೆ ಹಾಕಿ ಬಂದರು. ನಿವೃತ್ತಿಯಲ್ಲಿ ಬಂದ ದುಡ್ಡು. ಮೂರು ದಿನದಲ್ಲಿ ವಾಪಸ್ ಬರುತ್ತದೆ ಅಂದಿದ್ದರಂತೆ.

ನಾನು ಕಂಡದ್ದು

ಬುಧವಾರ ಸಂಜೆ ನಾಲ್ಕೂವರೆಗೆ ಕಾಲೇಜಿನಿಂದ ಬಂದು, ಹುಣ್ಣಿಮೆಗೆ ಅವರು ಕೊಟ್ಟಿದ್ದ ಹೋಳಿಗೆ ಡಬ್ಬಿ ವಾಪಸ್ ಕೊಡಲು ಹೋದೆ. ಹಗಲಲ್ಲಿ ಎಂದೂ ಹಾಕದ ಬಾಗಿಲು ಹಾಕಿತ್ತು. ಕಾಕು ಅರ್ಧ ತೆಗೆದು, ತುಟಿಯ ಮೇಲೆ ಬೆರಳಿಟ್ಟರು.

ಒಳಗೆ ಕಿಟಕಿಗೆಲ್ಲ ಪರದೆ. ಮಾಸ್ತರು ಊಟದ ಟೇಬಲ್ಲಿನ ಮುಂದೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾರೆ. ಮನೆಯಲ್ಲಿ ಬನಿಯನ್ ಮೇಲೆ ಇರುವ ಮನುಷ್ಯ, ಅವತ್ತು ಬಿಳಿ ಅಂಗಿ ಹಾಕಿ ಕೊರಳ ಗುಂಡಿಯವರೆಗೆ ಹಾಕಿಕೊಂಡಿದ್ದರು. ಮೊಬೈಲನ್ನು ಶೇಂಗಾ ಚಟ್ನಿಪುಡಿ ಡಬ್ಬಿಗೆ ಆನಿಸಿ ನಿಲ್ಲಿಸಿದ್ದರು, ಚಾರ್ಜರ್ ವೈರು ಗೋಡೆಯವರೆಗೆ ಎಳೆದಿತ್ತು. ಪಕ್ಕದ ತಾಟಿನಲ್ಲಿ ರೊಟ್ಟಿ ಒಣಗಿತ್ತು. ಮೂವತ್ತೈದು ವರ್ಷ ಮಕ್ಕಳಿಗೆ ಗಣಿತ ಕಲಿಸಿದವರು, ತಾವೇ ಶಿಕ್ಷೆಗೆ ನಿಂತ ಹುಡುಗನ ಹಾಗೆ ಕೂತಿದ್ದರು.

ಕಾಕು ಗೋಡೆಯ ಕ್ಯಾಲೆಂಡರಿನ ಹಳೇ ಹಾಳೆ ಕಿತ್ತು, ಹಿಂದೆ ಪೆನ್ಸಿಲಿನಲ್ಲಿ ಬರೆದು ನನ್ನ ಕೈಗಿಟ್ಟರು. “ಗುಪ್ತಚರದವರು. ನಿನ್ನೆಯಿಂದ. ಮಾತಾಡಬ್ಯಾಡ.”

ನಾನು ಅದರ ಕೆಳಗೆ ಬರೆದೆ: “ಅವರಿಗೆ ಅರೆಸ್ಟ್ ಮಾಡುವ ಅಧಿಕಾರ ಇಲ್ಲ. ಇದು ಮೋಸ. ದುಡ್ಡು ಕೊಟ್ಟಿದ್ದೀರಾ?” ಕಾಕು ಓದಿ ಅಲ್ಲೇ ನೆಲಕ್ಕೆ ಕೂತರು. ನಾನು ಹೋಗಿ ಮೊಬೈಲ್ ಎತ್ತಿ ಆರಿಸಿದೆ. ಮಾಸ್ತರು ನನ್ನ ಕೈ ಹಿಡಿದು “ಬ್ಯಾಡವಾ, ಹುಡುಗನ ನೌಕರಿ ಹೋಗ್ತದ” ಅಂದರು. ಅವರಿಗೆ ದುಡ್ಡು ನೆನಪೇ ಇರಲಿಲ್ಲ.

ಐದು ಗಂಟೆ ಹತ್ತು ನಿಮಿಷಕ್ಕೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿದೆವು. ಅವರು ಕೇಳಿದ್ದು ಎರಡೇ: ಯಾವ ಖಾತೆಯಿಂದ ಯಾವ ಖಾತೆಗೆ, ಮತ್ತು ಬ್ಯಾಂಕಿನ ಚೀಟಿಯಲ್ಲಿರುವ ಯುಟಿಆರ್ ನಂಬರ್, ಅಂದರೆ ಆ ಹಣ ವರ್ಗಾವಣೆಯ ಗುರುತಿನ ಸಂಖ್ಯೆ. ಆ ನಂಬರ್ ಹಿಡಿದು ದುಡ್ಡು ಹೋದ ಖಾತೆ, ಅಲ್ಲಿಂದ ಮುಂದೆ ಹೋದ ಖಾತೆ ಅಂತ ಬೆನ್ನು ಹತ್ತುತ್ತಾರೆ, ಸಿಕ್ಕಲ್ಲಿ ತಡೆಯುತ್ತಾರೆ. ನಾಲ್ಕೂವರೆ ತಾಸಿನಲ್ಲಿ ನಮ್ಮದು ಬಹಳಷ್ಟು ಕೈದಾಟಿತ್ತು. 1,12,000 ರೂಪಾಯಿ ಮಾತ್ರ ಒಂದು ಖಾತೆಯಲ್ಲಿ ನಿಂತಿತು. ಅವತ್ತು ರಾತ್ರಿಯೇ ಸೈಬರ್ ಠಾಣೆಗೆ ಹೋಗಿ ದೂರು ಬರೆದುಕೊಟ್ಟೆವು. ತಡೆದ ದುಡ್ಡು ಕೋರ್ಟಿನ ಆದೇಶದ ಮೇಲೆ ಕೈಗೆ ಬರಲು ಐದು ತಿಂಗಳಾಯಿತು. ಉಳಿದದ್ದು ಬಂದಿಲ್ಲ.

ಎಲ್ಲಿ ಎಡವಿದೆವು

ಮಾಸ್ತರು ದಡ್ಡರಲ್ಲ. ಆಸೆಬುರುಕರಂತೂ ಅಲ್ಲ. ಇಂಥ ಸುದ್ದಿ ಬಂದಾಗ “ಓದಿದವರೂ ಹಿಂಗಾ?” ಅಂತ ಜನ ಸುಮ್ನೆ ಅಂದುಬಿಡುತ್ತಾರೆ, ನನಗೆ ಅದು ಸಿಟ್ಟು ತರಿಸುತ್ತದೆ. ಗುಪ್ತಚರರ ಬಗ್ಗೆ ಮಾಸ್ತರಿಗೆ ಗೊತ್ತಿದ್ದದ್ದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವಷ್ಟೇ. ಅವರು ಎಲ್ಲವನ್ನೂ ಕೇಳುತ್ತಾರೆ, ಎಲ್ಲವನ್ನೂ ನೋಡುತ್ತಾರೆ, ಏನು ಬೇಕಾದರೂ ಮಾಡುತ್ತಾರೆ. ಟಿವಿಯಲ್ಲಿ ದಿನಾ “ಗುಪ್ತಚರ ಮೂಲಗಳ ಪ್ರಕಾರ” ಅಂತ ಕೇಳುತ್ತೇವೆ. ಆ ಮೂಲ ಯಾವುದು, ಅದಕ್ಕೆ ಎಷ್ಟು ಅಧಿಕಾರ ಅಂತ ಯಾರೂ ಹೇಳುವುದಿಲ್ಲ.

ನಿಜ ಸ್ಥಿತಿ ಹೀಗಿದೆ. ಐಬಿ ದೇಶದೊಳಗಿನ ಮಾಹಿತಿ ಕಲೆಹಾಕುತ್ತದೆ, ಕೇಂದ್ರ ಗೃಹ ಇಲಾಖೆಗೆ ಸೇರಿದ್ದು. ರಾ ಹೊರದೇಶಗಳದ್ದು. 1962ರ ಚೀನಾ ಯುದ್ಧ, 1965ರ ಪಾಕಿಸ್ತಾನ ಯುದ್ಧ ಎರಡರಲ್ಲೂ ಮಾಹಿತಿ ಸಾಲದೆ ಹೋಯಿತು ಅಂತ 1968ರಲ್ಲಿ ಅದನ್ನು ಬೇರೆ ಮಾಡಿದರು. ಮೊದಲ ಮುಖ್ಯಸ್ಥರು ಆರ್. ಎನ್. ಕಾವ್. ಇವೆರಡಕ್ಕೂ ಯಾರನ್ನೂ ಬಂಧಿಸುವ ಅಧಿಕಾರ ಇಲ್ಲ. ಮಾಹಿತಿ ತಂದು ಮೇಲಿನವರಿಗೆ ಕೊಡುವುದು ಅವರ ಕೆಲಸ. ಯಾರನ್ನಾದರೂ ಹಿಡಿಯಬೇಕಾದರೆ ಪೊಲೀಸರೇ ಬರಬೇಕು, ಇಲ್ಲವೇ ತನಿಖಾ ಸಂಸ್ಥೆ ಬರಬೇಕು. ಸಿಬಿಐ, ಎನ್‌ಐಎ ತನಿಖಾ ಸಂಸ್ಥೆಗಳು. ಅವು ಬೇರೆ, ಇವು ಬೇರೆ. ಗುಪ್ತಚರ ಇಲಾಖೆಯವನು ಸಿಬಿಐ ಮುದ್ರೆಯ ವಾರಂಟ್ ಕಳಿಸಿದ ಅಂದರೆ, ಅಲ್ಲೇ ಸುಳ್ಳು ಹೊರಬೀಳುತ್ತದೆ.

ನಮ್ಮ ಓಣಿಗೆ ಬಂದ ಡಿಎಸ್‌ಬಿಯವರು ಪೊಲೀಸರೇ. ಆದರೆ ಅವರ ದಿನದ ಕೆಲಸ ಪಾಸ್‌ಪೋರ್ಟ್, ನೌಕರಿ ಪರಿಶೀಲನೆ, ಜಾತ್ರೆಗೆ ಎಷ್ಟು ಜನ ಸೇರಬಹುದು, ರೈತರ ಮೆರವಣಿಗೆ ಯಾವ ದಾರಿ ಹಿಡಿಯುತ್ತದೆ, ಗಣಪತಿ ವಿಸರ್ಜನೆಯಲ್ಲಿ ಎಲ್ಲಿ ಗದ್ದಲ ಆಗಬಹುದು ಅಂತ ಎಸ್‌ಪಿಗೆ ವರದಿ ಮಾಡುವುದು. ಹುಬ್ಬಳ್ಳಿ-ಧಾರವಾಡದಲ್ಲಿ ಕಮಿಷನರ್ ಕಚೇರಿ ಇರುವುದರಿಂದ ಅಲ್ಲಿ ಇದೇ ಕೆಲಸಕ್ಕೆ ನಗರ ವಿಶೇಷ ಶಾಖೆ ಇದೆ. ಇವರು ಮುಂಚೆಯೇ ಹೇಳಿದ್ದರಿಂದ ಒಂದು ಊರಿನಲ್ಲಿ ಗಲಾಟೆ ಆಗದೇ ಇದ್ದರೆ ಅದು ಪೇಪರಿನಲ್ಲಿ ಬರುವುದಿಲ್ಲ. ಆಗದ ಗಲಾಟೆಗೆ ಸುದ್ದಿ ಎಲ್ಲಿಯದು? ಹಾಗಾಗಿ ಅವರ ಒಳ್ಳೆಯ ಕೆಲಸ ನಮಗೆ ಕಾಣುವುದೇ ಇಲ್ಲ. ಎಡವಿದ್ದು ಮಾತ್ರ ಕಾಣುತ್ತದೆ.

ಬಂಧನದ ಬಗ್ಗೆ ಕಾನೂನು ಬಹಳ ಸ್ಪಷ್ಟ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಬಂಧಿಸುವ ಅಧಿಕಾರಿಯ ಹೆಸರು ಎದ್ದು ಕಾಣಬೇಕು. ಬಂಧನದ ಪತ್ರ ಬರೆಯಬೇಕು. ಅದಕ್ಕೆ ಮನೆಯವರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಹಾಕಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಕಾನೂನು ಮನೆಯವರ ಸಾಕ್ಷಿ ಕೇಳುತ್ತದೆ, ಕಳ್ಳ ಮನೆಯವರಿಗೆ ಹೇಳಬೇಡ ಅನ್ನುತ್ತಾನೆ. 1923ರ ಅಧಿಕೃತ ರಹಸ್ಯ ಕಾಯ್ದೆ ಇರುವುದು ಬೇಹುಗಾರಿಕೆಗೆ, ಸರ್ಕಾರದ ಗುಟ್ಟು ಹೊರಗೆ ಕೊಡುವವರಿಗೆ. ನಿಮಗೆ ಬಂದ ಒಂದು ಫೋನ್ ಕರೆಯನ್ನು ಪಕ್ಕದ ಮನೆಯವರಿಗೆ ಹೇಳಿದರೆ ಅದು ಯಾವ ಅಪರಾಧವೂ ಅಲ್ಲ.

ಮಾಸ್ತರ ಮನಸ್ಸಿನಲ್ಲಿ ಇನ್ನೊಂದು ಹಳೇ ನೆನಪು ಇತ್ತು. 1988ರಲ್ಲಿ ಅವರಿಗೆ 25 ವರ್ಷ, ಹೊಸದಾಗಿ ಶಾಲೆಗೆ ಸೇರಿದ್ದರು. ದೂರವಾಣಿ ಕದ್ದಾಲಿಕೆ ಪ್ರಕರಣದಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟದ್ದು ಆ ವರ್ಷದ ಆಗಸ್ಟ್‌ನಲ್ಲಿ. ಅವರ ನಂತರ ಬಂದವರು ನಮ್ಮ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಎಸ್. ಆರ್. ಬೊಮ್ಮಾಯಿ. ಹಾಗಾಗಿ ಈ ಭಾಗದಲ್ಲಿ ಆ ಸುದ್ದಿ ಮನೆಮನೆಯ ಮಾತಾಗಿತ್ತು. “ದೊಡ್ಡವರ ಫೋನೇ ಕೇಳ್ತಾರ, ನಮ್ದು ಯಾವ ಲೆಕ್ಕ” ಅನ್ನುವುದು ಮಾಸ್ತರಲ್ಲಿ ಆವತ್ತಿನಿಂದ ಕೂತುಬಿಟ್ಟಿತ್ತು. ಆದರೆ ಆ ಕಥೆಯ ಮುಂದಿನ ಭಾಗ ಅವರಿಗೆ ಯಾರೂ ಹೇಳಿರಲಿಲ್ಲ. ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್, ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು, ಅದನ್ನು ಒಂದು ಸಮಿತಿ ಪರಿಶೀಲಿಸಬೇಕು ಅಂತ ಹೇಳಿತು. ನಂತರದ ನಿಯಮಗಳಲ್ಲಿ ಒಂದು ಆದೇಶಕ್ಕೆ 60 ದಿನ, ವಿಸ್ತರಿಸಿದರೂ ಒಟ್ಟು 180 ದಿನ ಅಂತ ಮಿತಿ ಇದೆ. ಈ ಮಿತಿ ಎಲ್ಲ ಕಡೆ ಸರಿಯಾಗಿ ಪಾಲನೆಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಮಿತಿ ಇದೆ ಅನ್ನುವುದಾದರೂ ಜನರಿಗೆ ಗೊತ್ತಿರಬೇಕಲ್ವಾ?

ತಪ್ಪು ಬರೀ ನಮ್ಮ ಕಡೆಯದಲ್ಲ. ಐಬಿ, ರಾ ಎರಡೂ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದವಲ್ಲ. ಸರ್ಕಾರದ ಆದೇಶದ ಮೇಲೆ ನಡೆಯುತ್ತವೆ. 2005ರ ಮಾಹಿತಿ ಹಕ್ಕು ಕಾಯ್ದೆಯ 24ನೇ ಕಲಂ ಅವನ್ನು ಹೊರಗಿಟ್ಟಿದೆ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ದೂರಿಗೆ ಮಾತ್ರ ವಿನಾಯಿತಿ. 1985ರ ಒಂದು ಕಾಯ್ದೆ ಅಲ್ಲಿನ ನೌಕರರು ಪತ್ರಿಕೆಯವರ ಜೊತೆ ಮಾತಾಡುವುದನ್ನೂ ತಡೆಯುತ್ತದೆ. ಬ್ರಿಟನ್ನಿನಲ್ಲಿ 1989ರಲ್ಲಿ ಅಲ್ಲಿನ ದೇಶದೊಳಗಿನ ಗುಪ್ತಚರ ಸಂಸ್ಥೆ ಎಂಐ5ಗೆ ಕಾಯ್ದೆ ಮಾಡಿದರು, 1994ರಲ್ಲಿ ಸಂಸದರ ಒಂದು ಸಮಿತಿ ಬಂತು. ನಮ್ಮಲ್ಲಿ 2011ರಲ್ಲಿ ಸಂಸದ ಮನೀಶ್ ತಿವಾರಿ ಅಂಥದೊಂದು ಖಾಸಗಿ ಮಸೂದೆ ತಂದರು, ಅದು ಮುಂದೆ ಹೋಗಲಿಲ್ಲ. ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಸಮಿತಿಯ ವರದಿಯನ್ನು, ಕೆಲವು ಭಾಗ ತೆಗೆದು, ಜನರ ಮುಂದಿಟ್ಟರು. ಎಲ್ಲಿ ಮಾಹಿತಿ ತಪ್ಪಿತು ಅಂತ ಸಾಮಾನ್ಯ ಜನ ಓದಲು ಸಿಕ್ಕ ಅಪರೂಪದ ಸಂದರ್ಭ ಅದು. ಅದರಿಂದ ದೇಶದ ಭದ್ರತೆಗೆ ಏನೂ ಕುಂದು ಬರಲಿಲ್ಲ.

ಯಾರು ಮಾಹಿತಿ ಕೊಟ್ಟರು, ಹೇಗೆ ತಂದರು, ಇದು ಗುಟ್ಟಾಗಿರಲಿ. ಪ್ರಾಣದ ಪ್ರಶ್ನೆ ಅದು. ಆದರೆ ಅವರು ಏನು ಮಾಡುವಂತಿಲ್ಲ ಅನ್ನುವುದನ್ನು ಗುಟ್ಟಾಗಿಟ್ಟು ಯಾರಿಗೂ ಲಾಭ ಇಲ್ಲ. ಆ ಖಾಲಿ ಜಾಗದಲ್ಲಿ ಕಳ್ಳರು ಬಂದು ಕೂರುತ್ತಾರೆ. ಪರಿಶೀಲನೆಗೆ ಬಂದವರು ಒಂದು ಸಣ್ಣ ಚೀಟಿ ಕೊಟ್ಟು ಹೋಗಿದ್ದರೆ ಸಾಕಿತ್ತು: ಇಂಥ ಕಾರಣಕ್ಕೆ ಬಂದಿದ್ದೆವು, ಇದಕ್ಕೆ ಹಣ ಇಲ್ಲ, ಇದರ ಬಗ್ಗೆ ಫೋನಿನಲ್ಲಿ ಯಾರೂ ಕೇಳುವುದಿಲ್ಲ, ಅನುಮಾನ ಬಂದರೆ ಈ ಕಚೇರಿಗೆ ಬನ್ನಿ. ಅಂಗೈಯಗಲದ ಕಾಗದ. ಅದು ಮಾಸ್ತರ ಕೈಯಲ್ಲಿದ್ದಿದ್ದರೆ ಆ ಪ್ರಶ್ನೆಯನ್ನು ಅವರು ಪರದೆಯಲ್ಲಿದ್ದವನಿಗೆ ಕೇಳುತ್ತಿರಲಿಲ್ಲ.

ಈಗ

ಮಗನ ವರದಿಯಲ್ಲಿ ಏನೂ ತೊಂದರೆ ಇರಲಿಲ್ಲ. ಜೂನ್‌ನಲ್ಲಿ ಆದೇಶ ಬಂತು, ತರಬೇತಿಗೆ ಹೋದ. ಸಂಬಂಧ ಮಾತ್ರ ಕೂಡಿಬರಲಿಲ್ಲ.

ಹೋದ ತಿಂಗಳು ನಮ್ಮ ಓಣಿಯ ಇನ್ನೊಂದು ಹುಡುಗಿಯ ಪಾಸ್‌ಪೋರ್ಟ್ ವಿಚಾರಣೆಗೆ ಒಬ್ಬ ಪೇದೆ ಬಂದಿದ್ದರು. ಬೈಕಿನ ಸದ್ದು ಕೇಳಿ ಮಾಸ್ತರು ತಾವೇ ಹೊರಗೆ ಬಂದರು. ಗುರುತಿನ ಚೀಟಿ ಕೇಳಿ ನೋಡಿದರು, ಕನ್ನಡಕ ಏರಿಸಿ ಹೆಸರು ಓದಿದರು, ಆಮೇಲೆ ಕುರ್ಚಿ ಹಾಕಿದರು. ಹುಡುಗಿಯ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಪೇದೆ ಹೋದ ಮೇಲೆ ಅಂಗಿ ಹಾಕಿಕೊಂಡು ಕಿರಾಣಿ ಅಂಗಡಿಗೆ ಹೋದರು. ಏನೂ ಕೊಳ್ಳಲಿಲ್ಲ. ಅಲ್ಲಿದ್ದ ಮೂರು ನಾಲ್ಕು ಜನರಿಗೆ, ಬಂದವರು ಯಾರು, ಯಾಕೆ ಬಂದಿದ್ದರು, ಹುಡುಗಿ ಯಾವ ದೇಶಕ್ಕೆ ಓದಲು ಹೊರಟಿದ್ದಾಳೆ ಅಂತ ಒಂದೊಂದಾಗಿ ಹೇಳಿದರು. ಅಲ್ಲಿಂದ ಹಿಟ್ಟಿನ ಗಿರಣಿ ಕಡೆ ನಡೆದರು.